ಒಂದು ಸೆಲ್ಲು, ಎರಡು ಪಿನ್ನು, ಒಂದಿಷ್ಟು ತಂತಿ

ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಮಂಜೂರಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದು ಸಿಗದ ಕಡೆ ದಾನಿಗಳನ್ನು ಹಿಡಿದು ಒಂದೋ ಎರಡೋ ರೋಬೋಟಿಕ್ಸ್ ಕಿಟ್ ತರಿಸುತ್ತಾರೆ. ಕಳೆದರೆ ಲೆಕ್ಕ ಕೊಡಬೇಕಲ್ಲ ಎಂದು ಅದು ಬೀರು ಸೇರುತ್ತದೆ. ಆ ದುಡ್ಡಿನಲ್ಲಿ ಇಬ್ಬಿಬ್ಬರಿಗೆ ಒಂದರಂತೆ ಮೋಟಾರು ಮಾಡಿಸುವುದು ಮೇಲು. 40 ಮಕ್ಕಳ ತರಗತಿಗೆ 20 ಸೆಟ್ ಸಾಕು.

ಒಂದು ಸೆಟ್ಟಿಗೆ ಡಿ ಸೈಜಿನ 1.5 ವೋಲ್ಟ್ ಸೆಲ್, 5 ಸೆಂ.ಮೀ. ಉದ್ದದ ಎರಡು ಸೇಫ್ಟಿ ಪಿನ್, ಒಂದು ಉಂಗುರ ಅಯಸ್ಕಾಂತ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಒಂದೂಕಾಲು ಮೀಟರ್ 26 ಗೇಜ್ ಎನಾಮಲ್ ತಂತಿ (ಕರೆಂಟ್ ದಾಟದ ತೆಳು ಲೇಪವಿರುವ ತಾಮ್ರದ ತಂತಿ) ಬೇಕು. ತಂತಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಮೀಟರಿಗೆ ಸುಮಾರು ಒಂದೂವರೆ ಗ್ರಾಂ. 100 ಗ್ರಾಂ ತಂದರೆ ಕೆಡಿಸಿಕೊಂಡವರಿಗೂ ಮಿಗುತ್ತದೆ. ಸುಟ್ಟ ಮೋಟಾರಿನಿಂದ ಬಿಚ್ಚಿದ್ದನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಎನಾಮಲ್ ಉದುರಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ.

ಸೆಲ್ಲಿನ ಮೇಲೆಯೇ ತಂತಿಯನ್ನು 10 ಸುತ್ತು ಸುತ್ತಿ ಜಾರಿಸಿ ತೆಗೆಯಿರಿ. ತುದಿಗಳನ್ನು ಬುಡದಲ್ಲಿ ಎರಡೆರಡು ಸಲ ಸುರುಳಿಗೆ ಬಿಗಿದು, ಎದುರುಬದುರಾಗಿ 4 ಸೆಂ.ಮೀ. ಹೊರಗೆ ಬಿಡಿ. ಇವೆರಡೂ ಒಂದೇ ಗೆರೆಯಲ್ಲಿರಬೇಕು, ಸೊಟ್ಟಗಿದ್ದರೆ ಸುರುಳಿ ಕುಣಿಯುತ್ತದೆ. ಕರೆಂಟ್ ಹರಿಯಲು ಈ ತುದಿಗಳ ಎನಾಮಲ್ ಕೆರೆಯಿರಿ, ಅದರ ಬಗೆ ಮುಂದೆ ಹೇಳಿದೆ. ಸೆಲ್ಲನ್ನು ಅಡ್ಡ ಮಲಗಿಸಿ ಎರಡು ತುದಿಗೂ ಪಿನ್ನನ್ನು ರಬ್ಬರಿನಿಂದ ಬಿಗಿಯಿರಿ. ಅಯಸ್ಕಾಂತ ಸೆಲ್ಲಿನ ಬೆನ್ನ ಮೇಲೆ, ಸುರುಳಿಯ ತುದಿಗಳು ಪಿನ್ನಿನ ಕಣ್ಣುಗಳಲ್ಲಿ. ಬೆರಳಿನಿಂದ ಸಣ್ಣಗೆ ತಟ್ಟಿದರೆ ತಿರುಗಬೇಕು.

ತಿರುಗದಿದ್ದರೆ ಮೊದಲು ನೋಡಬೇಕಾದ್ದು ಎನಾಮಲ್ ಕೆರೆದ ಬಗೆ. ಒಂದು ತುದಿಯನ್ನು ಸುತ್ತಲೂ ಕೆರೆಯಬೇಕು. ಇನ್ನೊಂದನ್ನು ಸುರುಳಿ ನೆಟ್ಟಗೆ ನಿಂತಂತೆ ಹಿಡಿದು, ಮೇಲಿನ ಅರ್ಧ ಮಾತ್ರ. ಮಕ್ಕಳು ಎಮರಿ ಕಾಗದವನ್ನು ಬೆರಳುಗಳ ನಡುವೆ ಮಡಚಿ ಎಳೆಯುತ್ತಾರೆ, ಅಲ್ಲಿಗೆ ಸುತ್ತಲೂ ಕೆರೆದಾಯಿತು! ತಂತಿಯನ್ನು ಬೆಂಚಿನ ಅಂಚಿಗೆ ಒತ್ತಿ ಮೇಲಿನಿಂದಷ್ಟೇ ಉಜ್ಜಿಸಿ. ಎರಡೂ ತುದಿ ಪೂರ್ತಿ ಬರಿದಾದರೆ ಪ್ರತಿ ಅರ್ಧ ಸುತ್ತಿಗೆ ತಳ್ಳುವ ದಿಕ್ಕು ಬದಲಾಗಿ, ಸುರುಳಿ ತೊಟ್ಟಿಲಿನ ಹಾಗೆ ತೂಗಿ ನಿಲ್ಲುತ್ತದೆ. ಅರ್ಧ ಉಳಿಸಿದರೆ ಆ ಹೊತ್ತಿಗೆ ಕರೆಂಟ್ ಕಡಿದು, ಸುರುಳಿ ತನ್ನ ಓಟದಲ್ಲೇ ದಾಟಿಕೊಳ್ಳುತ್ತದೆ.

ಈ ಸುರುಳಿಯ ರೋಧ (ಕರೆಂಟಿಗೆ ಒಡ್ಡುವ ತಡೆ) ಕಾಲು ಓಮ್ ಕೂಡ ಇಲ್ಲ, ಹಾಗಾಗಿ ಕರೆಂಟ್ ಜೋರಾಗಿ ಹರಿಯುತ್ತದೆ. ನಿಂತ ಸುರುಳಿಯನ್ನು ಹಾಗೇ ಬಿಟ್ಟರೆ ಸೆಲ್ ಬಿಸಿಯಾಗಿ ಬೇಗ ಸಾಯುತ್ತದೆ, ತಕ್ಷಣ ಎತ್ತಿಸಿ. ಹಳೇ ಮೊಬೈಲ್ ಬ್ಯಾಟರಿಯನ್ನಂತೂ ಹತ್ತಿರ ತರಬೇಡಿ, ಬೆಂಕಿ ಹತ್ತಬಹುದು.

ತಿರುಗದ ಮೋಟಾರನ್ನು ಮೇಷ್ಟ್ರು ಸರಿಮಾಡಿ ಕೊಡಬಾರದು, ಪಕ್ಕದ ಜೋಡಿಯ ಸುರುಳಿ ತಂದು ಇದರಲ್ಲಿ ಕೂರಿಸಿ ನೋಡಲು ಹೇಳಿದರೆ ಸಾಕು. ಅದು ತಿರುಗಿದರೆ ತಪ್ಪು ಸುರುಳಿಯಲ್ಲಿದೆ, ಇಲ್ಲವಾದರೆ ಸೆಲ್ಲು ಅಥವಾ ಪಿನ್ನಿನಲ್ಲಿ. ಎಲ್ಲರದೂ ತಿರುಗಿದ ಮೇಲೆ, ಅಯಸ್ಕಾಂತ ಮಗುಚಿದರೆ ಏನಾಗುತ್ತದೆ ಎಂದು ಮೊದಲು ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಮಗುಚಿಸಿ.