ಮನೆಯನ್ನೂ ಕಟ್ಟುತ್ತೇವೆ, ಕತೆಯನ್ನೂ ಕಟ್ಟುತ್ತೇವೆ

ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಮೊನ್ನೆ ಕಿರಾಣಿ ಅಂಗಡಿ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿದರು. ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ವಾಟ್ಸಾಪ್ ಫಾರ್ವರ್ಡ್. ಲಸಿಕೆ ಎಲ್ಲ ಬರೀ ಮೋಸ ಅಂತ ಅದರಲ್ಲಿತ್ತು. "ನೀವೂ ಇದನ್ನೇ ಹೇಳ್ತೀರಲ್ರೀ ಮೇಡಂ? ಸತ್ಯ ಅನ್ನೋದು ವಿಜ್ಞಾನಿಗಳು ಕಟ್ಟಿದ್ದು ಅಂತ ಅವತ್ತು ಭಾಷಣದಾಗ ಹೇಳಿದ್ರಿ."

ಹೇಳಿದ್ದು ಹೌದು. ಅವರಿಗೆ ಕೇಳಿಸಿದ್ದು ಮಾತ್ರ ಬೇರೆ.

ನಾನು ಸಮಾಜಶಾಸ್ತ್ರದವಳು. ನನ್ನ ಜೊತೆ ಓದಿದವರು ಮದುವೆ, ಜಾತಿ, ಗುಳೆ ಹೋಗುವವರ ಬಗ್ಗೆ ಬರೆಯುತ್ತಾರೆ. ನಾನು ವಿಜ್ಞಾನಿಗಳ ಬಗ್ಗೆ ಬರೆಯುತ್ತೇನೆ. ಲ್ಯಾಬಿನಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಅಂಕಿ ನೋಟ್‌ಬುಕ್ಕಿಗೆ ಹೋಗುತ್ತದೆ, ಯಾವುದು ಕಸದ ಬುಟ್ಟಿಗೆ ಹೋಗುತ್ತದೆ ಅಂತ ಮೂಲೆಯಲ್ಲಿ ಕೂತು ನೋಡುವುದೇ ಕೆಲಸ. ಇಪ್ಪತ್ತು ವರ್ಷ ಆಯಿತು. ವಿಜ್ಞಾನಿಗಳು ನನ್ನನ್ನು ತಪ್ಪು ಹುಡುಕಲು ಬಂದ ಆಡಿಟರ್ ಅಂದುಕೊಳ್ಳುತ್ತಾರೆ, ಚಹಾ ಕೊಟ್ಟು ಕಳಿಸಲು ನೋಡುತ್ತಾರೆ. ವಿಜ್ಞಾನ ಅಂದರೆ ಆಗದವರು ನನ್ನನ್ನು ತಮ್ಮ ಕಡೆಯ ವಕೀಲೆ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ಸಿಟ್ಟು ಬರುವುದು ಎರಡನೆಯವರ ಮೇಲೆ.

ತಪ್ಪು ಸ್ವಲ್ಪ 'ಕಟ್ಟು' ಅನ್ನುವ ಮಾತಿನದ್ದೂ ಇದೆ. ಕನ್ನಡದಲ್ಲಿ ನಾವು ಮನೆಯನ್ನೂ ಕಟ್ಟುತ್ತೇವೆ, ಕತೆಯನ್ನೂ ಕಟ್ಟುತ್ತೇವೆ. "ವಿಜ್ಞಾನದ ಸತ್ಯವನ್ನು ಮನುಷ್ಯರು ಕಟ್ಟುತ್ತಾರೆ" ಅಂದ ಕೂಡಲೇ ಕೇಳುವವರ ತಲೆಯೊಳಗೆ ಕಟ್ಟುಕತೆ ಹೊಕ್ಕು ಕೂತುಬಿಡುತ್ತದೆ. ನಾನು ಹೇಳುತ್ತಿರುವುದು ಮನೆ ಕಟ್ಟುವ ತರಹದ್ದು. ನಮ್ಮ ಮನೆಗೆ ಶಹಾಬಾದ್ ಪರಸಿ ಹಾಕಿಸಿದ್ದೇವೆ. ಗೌಂಡಿ ಲೆವೆಲ್ ನೋಡಿದ್ದು, ಒಂದು ಕಲ್ಲು ಓರೆಯಾಯಿತು ಅಂತ ಕಿತ್ತು ಮತ್ತೆ ಕೂಡಿಸಿದ್ದು, ಅದಕ್ಕೆ ನಮ್ಮ ಮಾವನವರು ಜಗಳ ತೆಗೆದದ್ದು ಎಲ್ಲ ನಾನೇ ಕಂಡಿದ್ದೇನೆ. ಮನುಷ್ಯರು ಕೂಡಿಸಿದ್ದು ಅಂತ ಆ ನೆಲ ಸುಳ್ಳಾ? ಅದರ ಮೇಲೇ ಓಡಾಡುತ್ತಿದ್ದೇವೆ ಅಲ್ವಾ.

ಇನ್ನೂ ಹತ್ತಿರದ ಉದಾಹರಣೆ ಕೊಡುತ್ತೇನೆ. ತೊಗರಿ ಗಿಡ ನಿಂತಲ್ಲೇ ಬಾಡಿ ಒಣಗುವ ನೆಟೆ ರೋಗ ಏನು ಅಂತ ನಮ್ಮ ಕಲಬುರಗಿ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಅದಕ್ಕೆ ಕಾರಣವಾದ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ, ಬೇರಿನಿಂದ ಮೇಲೇರುತ್ತದೆ. ಯಾವ ತಳಿ ಇದನ್ನು ತಾಳುತ್ತದೆ ಅಂತ ನೋಡಲು ಸಂಶೋಧನಾ ಕೇಂದ್ರಗಳಲ್ಲಿ ಬೇಕೆಂದೇ ಒಂದು ತುಂಡು ಹೊಲಕ್ಕೆ ರೋಗ ಹಚ್ಚಿ ಇಟ್ಟಿರುತ್ತಾರೆ. ನೆಟೆ ಬಿದ್ದ ಗಿಡದ ಕಡ್ಡಿಗಳನ್ನೇ ಆ ಮಣ್ಣಿಗೆ ಸೇರಿಸುತ್ತಾರೆ. ನಡುನಡುವೆ ಸಾಯಲಿ ಅಂತಲೇ ರೋಗಕ್ಕೆ ಬೇಗ ಬೀಳುವ ಒಂದು ಮೆತ್ತನೆಯ ತಳಿಯ ಸಾಲು ಬಿತ್ತುತ್ತಾರೆ. ಅದು ಸತ್ತರೆ ಮಣ್ಣಿನಲ್ಲಿ ರೋಗ ಜೋರಾಗಿದೆ ಅಂತ ಲೆಕ್ಕ. ಅದು ಸಾಯದೆ ನಿಂತರೆ ಆ ವರ್ಷದ ಪರೀಕ್ಷೆಯೇ ದಂಡ. ನಮ್ಮೂರ ಯಾವ ರೈತನೂ ತೊಗರಿ ಸತ್ತದ್ದಕ್ಕೆ ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿಲ್ಲ.

ಅಂಥ ಒಂದು ಹೊಲದಲ್ಲಿ ಸತ್ತ ಗಿಡ ಎಣಿಸುವ ದಿನ ನಾನಿದ್ದೆ. ಒಂದು ಗಿಡದ ಅರ್ಧ ಕೊಂಬೆ ಒಣಗಿದೆ, ಇನ್ನರ್ಧ ಹಸಿರಾಗಿದೆ. ಹೊಸದಾಗಿ ಸೇರಿದ್ದ ಹುಡುಗ ಅದನ್ನು ಬದುಕಿದ ಲೆಕ್ಕಕ್ಕೆ ಬರೆಯಲು ಹೊರಟ. ಬಹಳ ವರ್ಷದಿಂದ ಅಲ್ಲೇ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ತಡೆದಳು. "ಸತ್ತದ ಅಂತ ಬರಕೋರಿ ಸರ್. ಎಂಟು ದಿನ ಅಷ್ಟ." ಅವನು ಒಪ್ಪಲಿಲ್ಲ. ದೊಡ್ಡ ವಿಜ್ಞಾನಿ ಬಂದರು, ಚಾಕು ತರಿಸಿ ಕಾಂಡ ಸೀಳಿದರು. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಅರ್ಧ ಒಣಗಿದ್ದನ್ನೂ ರೋಗ ಬಿದ್ದ ಲೆಕ್ಕಕ್ಕೇ ಹಾಕಬೇಕು ಅಂತ ಅಲ್ಲೇ ಬದುವಿನ ಮೇಲೆ ನಿಂತು ತೀರ್ಮಾನ ಆಯಿತು. ಆಕೆ ನನ್ನ ಕಡೆ ತಿರುಗಿ, "ನೋಡ್ರೀ ಅಕ್ಕಾರ, ಚಾಕು ಯಾಕ ಬೇಕಿತ್ತು?" ಅಂದಳು.

ಆ ಎಣಿಕೆಯಿಂದ ಶೇಕಡಾವಾರು ಲೆಕ್ಕ ಬರುತ್ತದೆ. ಆ ಲೆಕ್ಕ ಪೇಪರಿಗೆ ಹೋಗುತ್ತದೆ. ಕೊನೆಗೆ ಬೀಜದ ಚೀಲದ ಮೇಲೆ 'ನೆಟೆ ರೋಗ ನಿರೋಧಕ' ಅಂತ ಅಚ್ಚಾಗುತ್ತದೆ. ಆ ಮೂರು ಪದದೊಳಗೆ ಒಂದು ಜಗಳ, ಒಂದು ಚಾಕು, ಒಬ್ಬ ಕೂಲಿಯವಳ ಕಣ್ಣು ಎಲ್ಲ ಇವೆ. ಇದನ್ನೇ ನಾನು ಕಟ್ಟುವುದು ಅನ್ನುತ್ತೇನೆ. ಹಾಗಂತ ಶಿಲೀಂಧ್ರವನ್ನು ಅವರು ಕಟ್ಟಲಿಲ್ಲ. ಆ ಹುಡುಗ 'ಬದುಕಿದೆ' ಅಂತ ಬರೆದಿದ್ದರೂ ಆ ತಳಿ ರೈತನ ಹೊಲದಲ್ಲಿ ಒಣಗಿಯೇ ಒಣಗುತ್ತಿತ್ತು. ಮತ್ತೊಮ್ಮೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಒಂದು ಸತ್ಯ ಹೇಗೆ ತಯಾರಾಯಿತು ಅಂತ ತೋರಿಸಿದರೆ ಅದು ಸುಳ್ಳು ಅಂತ ತೋರಿಸಿದ ಹಾಗಾಗುವುದಿಲ್ಲ.

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದೇ. ತೀರಿಕೊಂಡದ್ದು 2020ರ ಮಾರ್ಚ್ 10ಕ್ಕೆ. ಕೋವಿಡ್ ಅಂತ ಖಚಿತವಾದದ್ದು 12ಕ್ಕೆ. ನನ್ನ ವಿಷಯ ಇರುವುದೇ ಆ ಎರಡು ದಿನದಲ್ಲಿ. ಗಂಟಲ ದ್ರವ ತೆಗೆದವರು, ಡಬ್ಬಿ ಸಾಗಿಸಿದವರು, ಯಂತ್ರದ ಮುಂದೆ ಕೂತವರು, ಸಹಿ ಹಾಕಿದವರು. ವೈರಸ್ಸೇನು ಅವರ ಸಹಿಗೆ ಕಾದು ಕೂತಿರಲಿಲ್ಲ.

ಈ ಗೊಂದಲದಲ್ಲಿ ವಿಜ್ಞಾನಿಗಳ ಬಗ್ಗೆ ಬರೆಯುವ ನಮ್ಮ ದೊಡ್ಡವರೂ ಬಿದ್ದಿದ್ದಾರೆ. ಬ್ರೂನೋ ಲತೂರ್ ಮತ್ತು ಸ್ಟೀವ್ ವೂಲ್ಗರ್ ಕ್ಯಾಲಿಫೋರ್ನಿಯಾದ ಸಾಲ್ಕ್ ಜೀವವಿಜ್ಞಾನ ಸಂಸ್ಥೆಯ ಲ್ಯಾಬಿನ ಬಗ್ಗೆ 1979ರಲ್ಲಿ ಪುಸ್ತಕ ಬರೆದರು. ವೈಜ್ಞಾನಿಕ ಸತ್ಯಗಳ 'ಸಾಮಾಜಿಕ ನಿರ್ಮಾಣ' ಅಂತ ಅದರ ಉಪಶೀರ್ಷಿಕೆ. 1986ರ ಮುದ್ರಣದಲ್ಲಿ 'ಸಾಮಾಜಿಕ' ಅನ್ನುವ ಪದವನ್ನೇ ಕಿತ್ತು ಹಾಕಿದರು. ಹವಾಮಾನ ಬದಲಾವಣೆಯೇ ಸುಳ್ಳು ಅನ್ನುವವರು ತಮ್ಮಂಥವರ ವಾದವನ್ನೇ ಎರವಲು ತಗೊಂಡು ಆಡುತ್ತಿದ್ದಾರೆ ಅಂತ ಲತೂರ್ 2004ರಲ್ಲಿ ಪೇಚಾಡಿಕೊಂಡು ಬರೆದರು. ಅವರಿಗೂ ಒಬ್ಬ ಮಾಸ್ತರು ಸಿಕ್ಕಿರಬೇಕು.

ಈ ದಾರಿಗೆ ಬರುತ್ತೇನೆ ಅನ್ನುವ ಹುಡುಗರು ವರ್ಷಕ್ಕೆ ಒಬ್ಬಿಬ್ಬರು ಬರುತ್ತಾರೆ. ನೆಟ್ ಪರೀಕ್ಷೆ, ಪಿಎಚ್‌ಡಿ ಎಲ್ಲ ಅವರಿಗೆ ಗೊತ್ತೇ ಇರುತ್ತದೆ. "ವಿಜ್ಞಾನಿಗಳ ಬಣ್ಣ ಬಯಲು ಮಾಡ್ತೀನ್ರೀ ಮೇಡಂ" ಅಂದವರನ್ನು ಸುಮ್ನೆ ವಾಪಸ್ ಕಳಿಸುತ್ತೇನೆ. ಉಳಿದವರಿಗೆ ಹ್ಯಾರಿ ಕಾಲಿನ್ಸ್ ಅನ್ನುವ ಸಮಾಜಶಾಸ್ತ್ರಜ್ಞರ ಕತೆ ಹೇಳುತ್ತೇನೆ. ಬಾಹ್ಯಾಕಾಶದಿಂದ ಬರುವ ಅತಿ ಸೂಕ್ಷ್ಮವಾದ ಗುರುತ್ವ ಅಲೆ ಹುಡುಕುವ ಭೌತವಿಜ್ಞಾನಿಗಳ ಬೆನ್ನನ್ನು ಅವರು ಹತ್ತಿದ್ದು 1970ರ ದಶಕದಲ್ಲಿ. ಅಲೆ ಸಿಕ್ಕಿದ್ದು 2015ರಲ್ಲಿ. ಅಲ್ಲಿಯವರೆಗೂ ಬಿಡಲಿಲ್ಲ. ನಡುವೆ ಆ ವಿಷಯದ ಪ್ರಶ್ನೆಗಳಿಗೆ ಇವರೂ ಒಬ್ಬ ಭೌತವಿಜ್ಞಾನಿಯೂ ಬರೆದ ಉತ್ತರಗಳನ್ನು ಬೇರೆ ವಿಜ್ಞಾನಿಗಳ ಮುಂದೆ ಇಟ್ಟರು. ಸಮಾಜಶಾಸ್ತ್ರದವನು ಯಾರು ಅಂತ ಅವರಿಗೆ ಗುರುತು ಹತ್ತಲಿಲ್ಲ. ಮೊದಲು ಅಷ್ಟು ಕಲಿಯಿರಿ, ಆಮೇಲೆ ಬಾಯಿ ತೆಗೆಯಿರಿ ಅನ್ನುತ್ತೇನೆ. ಅರ್ಧ ಜನ ಮತ್ತೆ ಬರುವುದಿಲ್ಲ.

ಹಾಗಂತ ಕಟ್ಟಿದ್ದೆಲ್ಲ ಗಟ್ಟಿ ಅಂತ ನಾನು ಬರೆದುಕೊಡಲಾರೆ. ಕೆಲವು ಪೇಪರುಗಳು ಮೊದಲ ಮಳೆಗೇ ಸೋರುತ್ತವೆ. ಯಾವ ಬೆಳೆಗೆ ದುಡ್ಡು, ಯಾರ ಹೆಸರು ಮೊದಲು ಅನ್ನುವುದರಲ್ಲಿ ಜಾತಿಯೂ ನಡೆಯುತ್ತದೆ, ಹೆಣ್ಣು ಗಂಡೂ ನಡೆಯುತ್ತದೆ. ಆ ತೊಗರಿ ಪೇಪರಿನಲ್ಲಿ ನಾಲ್ಕು ಹೆಸರಿವೆ. ಆಕೆಯದು ಇಲ್ಲ.

ಮಾಸ್ತರರಿಗೆ ಇಷ್ಟನ್ನೂ ಹೇಳಿದೆ. ಅಂಗಡಿಯವನು ನನ್ನ ಸಾಮಾನು ಕಟ್ಟಿ ಇಟ್ಟು ಎಷ್ಟೋ ಹೊತ್ತಾಗಿತ್ತು. ಅವರು ಫೋನನ್ನೇ ನೋಡುತ್ತಾ ನಿಂತಿದ್ದರು. "ಹಂಗಾದ್ರ ಇದನ್ನ ಯಾರು ಕಟ್ಟ್ಯಾರ್ರೀ ಮೇಡಂ?"

"ಅದನ್ನ ಕೇಳ್ರಿ ಮಾಸ್ತರ. ನಿಮಗ ಕಳಿಸಿದ್ದು ಯಾರು?"

"ನಮ್ಮ ಅಳಿಯಂದಿರು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ಹ್ಯಾಂಗ ಕೇಳೂದ್ರೀ?"