ಗದ್ದೆಗೆ ಬರುವುದು ಸಲಗವೇ ಏಕೆ?

ಸಕಲೇಶಪುರದ ಕಡೆಯ ಒಂದು ಊರಿನ ಸಭೆ. ಭತ್ತ ಹಾಲುಗಟ್ಟುವ ಹೊತ್ತು, ಅಂದರೆ ಊರಲ್ಲಿ ಯಾರಿಗೂ ನಿದ್ದೆಯಿಲ್ಲದ ಕಾಲ. ನಾನು ಆನೆಗಣತಿಯ ಅಂಕಿಅಂಶ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಹಿರಿಯರೊಬ್ಬರು ಎದ್ದರು. "ಲೆಕ್ಕ ಆಮೇಲೆ ಹೇಳಿ ಸಾರ್. ನಮ್ಮ ಗದ್ದೆಗೆ ಬರೋದು ಯಾವಾಗ್ಲೂ ಒಂಟಿ ಸಲಗ. ಹೆಣ್ಣಾನೆಗೆ ಹೊಟ್ಟೆ ಹಸಿಯಲ್ವಾ?"

ಸಭೆ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷದಿಂದ ಆನೆಗಳ ಬೆನ್ನು ಹತ್ತಿದವನು ನಾನು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ವಿಚಾರ ಸಂಕಿರಣಗಳಲ್ಲೂ ಕೇಳಿಸಿಕೊಂಡಿದ್ದು ಕಡಿಮೆ.

ಹಿಂಡುಗಳೂ ಬರುತ್ತವೆ, ಇಲ್ಲವೆಂದಲ್ಲ. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಮರಿಗಳ ಸಮೇತ ಬೀಡುಬಿಟ್ಟ ಹಿಂಡುಗಳಿವೆ. ಆದರೂ ಬೆಳೆದ ಗಂಡಾನೆ ಹೆಣ್ಣಿಗಿಂತ ಹಲವು ಪಟ್ಟು ಹೆಚ್ಚು ರಾತ್ರಿ ಹೊಲಕ್ಕಿಳಿಯುತ್ತದೆ. ಆನೆ ವಿಜ್ಞಾನಿ ರಾಮನ್ ಸುಕುಮಾರ್ ಎಂಬತ್ತರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡಂಚಿನಲ್ಲಿ ಇದನ್ನೇ ನೋಡುತ್ತಾ ತಿರುಗಿದರು. 1988ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಜೊತೆ ಸೇರಿ ಅವರು ಕೊಟ್ಟ ವಿವರಣೆ ಹೊಟ್ಟೆಗೆ ಸಂಬಂಧಿಸಿದ್ದಷ್ಟೇ ಅಲ್ಲ, ಸಂತಾನಕ್ಕೆ ಸಂಬಂಧಿಸಿದ್ದು.

ಹೆಣ್ಣಾನೆಯ ಬದುಕು ಬಹಳ ನಿಧಾನ. ಕಾಡಿನಲ್ಲಿ ಮೊದಲ ಮರಿ ಹಾಕುವ ಹೊತ್ತಿಗೆ ಹದಿನೈದು ದಾಟಿರುತ್ತದೆ. ಗರ್ಭ ಇಪ್ಪತ್ತು ಇಪ್ಪತ್ತೆರಡು ತಿಂಗಳು. ಹುಟ್ಟುವಾಗಲೇ ಮರಿ ನೂರು ಕಿಲೋ ಆಸುಪಾಸು. ಅದಕ್ಕೆ ಹಾಲೂಡಿ ಮೇಲೆತ್ತಿದ ಮೇಲೆಯೇ ಮುಂದಿನದು, ಹೀಗಾಗಿ ಎರಡು ಮರಿಗಳ ನಡುವೆ ನಾಲ್ಕೈದು ವರ್ಷ. ಎಕರೆಗಟ್ಟಲೆ ಭತ್ತ ಮೇಯ್ದರೂ ಅವಳಿಗೆ ಅವಳಿ ಮರಿ ಹುಟ್ಟುವುದಿಲ್ಲ. ಹೆಚ್ಚೆಂದರೆ ಆ ಅಂತರ ಒಂದಿಷ್ಟು ತಗ್ಗೀತು. ಅಷ್ಟಕ್ಕಾಗಿ ಮರಿಯನ್ನು ಪಟಾಕಿ, ಕರೆಂಟು ತಂತಿಗಳ ನಡುವೆ ಕರೆತರುವುದು ಅವಳಿಗೆ ನಷ್ಟದ ವ್ಯಾಪಾರ.

ಗಂಡಿನ ಲೆಕ್ಕವೇ ಬೇರೆ. ಬಸಿರು, ಬಾಣಂತನ ಕಳೆದರೆ ಒಂದು ಹೆಣ್ಣಾನೆ ಬೆದೆಯಲ್ಲಿ ಸಿಗುವುದು ನಾಲ್ಕೈದು ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ. ಹಿಂಡನ್ನು ಕಾಯುತ್ತಾ ಕೂತರೆ ಗಂಡಿಗೆ ಆಯಸ್ಸು ಮುಗಿದುಹೋಗುತ್ತದೆ. ಆದ್ದರಿಂದ ಸಲಗ ಅಲೆಮಾರಿ. ಹಿಂಡಿನಿಂದ ಹಿಂಡಿಗೆ ಮೂಸುತ್ತಾ ನಡೆಯುವವನು. ಬೆದೆಗೆ ಬಂದ ಹೆಣ್ಣಾನೆಯ ಮೂತ್ರದಲ್ಲಿರುವ ವಾಸನೆಯ ವಸ್ತುವನ್ನು 1996ರಲ್ಲಿ ಗುರುತಿಸಿದರು. ನೂರಕ್ಕೂ ಹೆಚ್ಚು ಜಾತಿಯ ಪತಂಗಗಳ ಹೆಣ್ಣುಗಳು ಗಂಡನ್ನು ಕರೆಯಲು ಬಳಸುವುದೂ ಅದೇ ರಾಸಾಯನಿಕವಂತೆ! ಆನೆಗೂ ದೀಪದ ಹುಳುವಿಗೂ ಒಂದೇ ಅತ್ತರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗಿಲ್ಲ.

ವಾಸನೆ ಹಿಡಿದು ಹೋದರೆ ಸಾಲದು, ಅಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಆಗ ತೂಕ ಮಾತಾಡುತ್ತದೆ, ಮದ ಮಾತಾಡುತ್ತದೆ. ಇಪ್ಪತ್ತರ ಹರೆಯದಲ್ಲಿ ಶುರುವಾಗುವ, ಕೆನ್ನೆಯಿಂದ ದ್ರವ ಒಸರಿಸುವ ಈ ಮದ ಮೊದಮೊದಲು ಕೆಲವೇ ದಿನ. ವಯಸ್ಸಾದಂತೆ, ಮೈ ತುಂಬಿದಂತೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೈಯಲ್ಲಿ ಕಸುವಿಲ್ಲದ ಗಂಡಿಗೆ ಮದ ಏರುವುದಿಲ್ಲ, ಏರಿದರೂ ಬೇಗ ಇಳಿಯುತ್ತದೆ. ಮದದ ಮುಂದೆ ಮದವಿಲ್ಲದವನು, ತನಗಿಂತ ದೊಡ್ಡವನಾದರೂ, ಸಾಮಾನ್ಯವಾಗಿ ದಾರಿ ಬಿಡುತ್ತಾನೆ. ಗೆದ್ದವನಿಗೆ ಹತ್ತಾರು ಮರಿ. ಸೋತವನಿಗೆ ಒಂದೂ ಇಲ್ಲದಿರಬಹುದು. ಇಂಥ ಜೂಜಿನಲ್ಲಿ ಕಾಡು ಹುಲ್ಲಿಗಿಂತ ಹೆಚ್ಚು ಪ್ರೋಟೀನು, ಉಪ್ಪಿನಂಶವಿರುವ ರಾಗಿ, ಭತ್ತಕ್ಕಾಗಿ ಜೀವ ಪಣಕ್ಕಿಡುವುದು ಗಂಡಿಗೆ ಲಾಭದ ಮಾತು. ನಮ್ಮ ಗದ್ದೆ ಅವನ ಗರಡಿಮನೆ.

ಈಗ ಹರೆಯದ ಗಂಡುಗಳು ಒಂಟಿಯಾಗಿಯೇ ಬರಬೇಕೆಂದೂ ಇಲ್ಲ. ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ, ಕೆರೆ ಹೊಲ ನೀಲಗಿರಿ ತೋಪುಗಳ ನಡುವೆ, ಅವು ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಜೊತೆಯಲ್ಲೇ ತಿರುಗುವುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ಹೊಸ ಸೀಮೆಗೆ ಹೊಸ ನಡವಳಿಕೆ. ಹಿರಿಯ ಗಂಡಿನ ಬೆನ್ನಿಗೆ ಬಿದ್ದ ಹುಡುಗರು ಬೇಲಿ ಮುರಿಯುವ ವಿದ್ಯೆಯನ್ನೂ ಅಲ್ಲೇ ಕಲಿಯುತ್ತಾರೆ ಎಂಬುದು ನನ್ನ ಗುಮಾನಿ.

ಸಭೆಯಲ್ಲಿ ಮುಂದಿನ ಪ್ರಶ್ನೆ ಬಂದೇ ಬಂತು: "ಹಾಗಾದ್ರೆ ಸಲಗಗಳನ್ನ ಹಿಡಿದು ಸಾಗಿಸಿ, ಆನೆ ಕಡಿಮೆ ಆಗುತ್ತೆ."

ಆಗುವುದಿಲ್ಲ. ಇದಕ್ಕೆ ನಮ್ಮ ಕಣ್ಣೆದುರೇ ಒಂದು ಕ್ರೂರ ಪ್ರಯೋಗ ನಡೆದುಹೋಗಿದೆ. ಏಷ್ಯಾದ ಆನೆಯಲ್ಲಿ ದಂತ ಗಂಡಿಗೆ ಮಾತ್ರ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಂತಚೋರರು ದಕ್ಷಿಣದ ಕಾಡುಗಳಲ್ಲಿ ಸಲಗಗಳನ್ನು ಆರಿಸಿ ಆರಿಸಿ ಕೊಂದರು. ಕೇರಳದ ಪೆರಿಯಾರ್‌ನಲ್ಲಿ ಎಂಬತ್ತರ ಕೊನೆಗೆ ನೂರು ಬೆಳೆದ ಹೆಣ್ಣಾನೆಗೆ ಒಂದರ ಆಸುಪಾಸು ಬೆಳೆದ ಗಂಡು ಉಳಿದಿತ್ತು. ಹಿಂಡುಗಳು ಮಾತ್ರ ತುಂಬಿದಂತೆಯೇ ಕಾಣುತ್ತಿದ್ದವು. ತಲೆ ಎಣಿಸಿದವರಿಗೆ ಎಲ್ಲವೂ ಕ್ಷೇಮ. ಒಂದು ಗಂಡು ಹಲವು ಹೆಣ್ಣು ಕೂಡುವ ಪ್ರಾಣಿಯಲ್ಲಿ ಗಂಡುಗಳನ್ನು ಎಷ್ಟೋ ಕಳೆದರೂ ಹುಟ್ಟು ತಕ್ಷಣ ನಿಲ್ಲುವುದಿಲ್ಲ. ಪೆರಿಯಾರ್‌ನಷ್ಟು ಅತಿರೇಕಕ್ಕೆ ಹೋದಾಗ ಮಾತ್ರ ಮರಿಗಳ ಪ್ರಮಾಣ ಕುಸಿದದ್ದು ಕಂಡಿತು. ತಳಿಶಾಸ್ತ್ರದ ಒಂದು ಸರಳ ಸೂತ್ರಕ್ಕೆ ಹಾಕಿ ನೋಡಿ: ನೂರು ಹೆಣ್ಣು, ಒಂದು ಗಂಡು ಇರುವ ಕಾಡು, ವಂಶವೈವಿಧ್ಯದ ಮಟ್ಟಿಗೆ, ಎರಡು ಗಂಡು ಎರಡು ಹೆಣ್ಣಿನ ಕಾಡಿಗೆ ಸಮ. ಗಂಡು ಇಪ್ಪತ್ತಿದ್ದರೆ ಆ ನಾಲ್ಕು ಆನೆಯ ಲೆಕ್ಕ ಅರವತ್ತಾರು ದಾಟುತ್ತದೆ.

ಗಂಡುಗಳನ್ನು ಕಳೆಯುವ ಇದೇ ಕೆಲಸವನ್ನು ದಾಂಡೇಲಿಯ ಮಂಗಟ್ಟೆ ಹಕ್ಕಿಗೆ ಮಾಡಿ ನೋಡಿ, ಫಲ ತದ್ವಿರುದ್ಧ. ಅಲ್ಲಿ ಹೆಣ್ಣು ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಂಡಿರುತ್ತದೆ, ಸೀಳಿನಿಂದ ಹಣ್ಣು ಉಣಿಸುವವನು ಒಬ್ಬನೇ ಗಂಡು. ಅವನಿಗೊಂದು ಕಲ್ಲೇಟು ಬಿದ್ದರೆ ಆ ವರ್ಷದ ಸಂಸಾರವೇ ಮುಳುಗಿತು. ಕಾಡುಹಂದಿಯದು ಇನ್ನೊಂದು ತುದಿ: ನಾಲ್ಕು ತಿಂಗಳೂ ತುಂಬದ ಗರ್ಭ, ಒಂದು ಸೂಲಿಗೆ ನಾಲ್ಕಾರು ಮರಿ, ವರ್ಷ ತುಂಬುವ ಹೊತ್ತಿಗೆ ಆ ಮರಿಯೇ ತಾಯಿಯಾಗಲು ತಯಾರು. ಹಂದಿಯ ಅನುಭವದಿಂದ ಆನೆಯ ಬಗ್ಗೆ ಮಾತಾಡುವವರು ನನಗೆ ಪ್ರತಿ ಸಭೆಯಲ್ಲೂ ಸಿಗುತ್ತಾರೆ. ಅಧಿಕಾರಿಗಳಲ್ಲೂ.

ಆನೆಯ ಸಂಖ್ಯೆಯ ಕೀಲಿ ಇರುವುದು ಬೆಳೆದ ಹೆಣ್ಣಿನ ಕೈಯಲ್ಲಿ. ಬಾಯಿಲೆಕ್ಕ ಹಾಕೋಣ. ಒಂದು ಕಾಡಿನಲ್ಲಿ ನೂರು ಆನೆ, ಅದರಲ್ಲಿ ಮರಿ ಹಾಕುವ ಹೆಣ್ಣು ಮೂವತ್ತೈದು ಎಂದುಕೊಳ್ಳಿ. ಐದು ವರ್ಷಕ್ಕೊಂದರಂತೆ ವರ್ಷಕ್ಕೆ ಏಳು ಮರಿ. ಮುಪ್ಪು, ರೋಗ, ಬರಗಾಲ, ಹುಲಿಬಾಯಿಗೆ ಬೀಳುವ ಮರಿ ಎಲ್ಲ ಸೇರಿ ಐದು ಹೋದರೆ ಉಳಿಕೆ ಎರಡು. ಇನ್ನು ವರ್ಷಕ್ಕೆ ಎರಡು ಹೆಣ್ಣಾನೆ ಕರೆಂಟು ತಂತಿಗೋ ರೈಲಿಗೋ ಸಿಕ್ಕರೆ ಉಳಿಕೆ ಸೊನ್ನೆ; ಜೊತೆಗೆ ಅವು ಮುಂದೆ ಹಾಕಬೇಕಿದ್ದ ಮರಿಗಳೂ ಹೋದವು. ಸತ್ತದ್ದು ಎರಡು ಸಲಗವಾಗಿದ್ದರೆ ಮುಂದಿನ ವರ್ಷವೂ ಮರಿ ಏಳೇ. ಪತ್ರಿಕೆಯಲ್ಲಿ ಎರಡಕ್ಕೂ ಒಂದೇ ತಲೆಬರಹ: "ಎರಡು ಆನೆ ಸಾವು."

ಅದಕ್ಕೇ ಗಣತಿಯ ಒಟ್ಟು ಸಂಖ್ಯೆಯ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ. 2023ರಲ್ಲಿ ಕರ್ನಾಟಕದ ಆನೆಗಳು 6,395 ಎಂದರು. 2025ರಲ್ಲಿ ಲದ್ದಿಯ ಡಿಎನ್‌ಎ ಆಧರಿಸಿದ ರಾಷ್ಟ್ರಮಟ್ಟದ ಅಂದಾಜಿನಲ್ಲಿ 6,013 ಬಂತು. "380 ಆನೆ ಎಲ್ಲಿ ಹೋದವು?" ಎಂದು ಫೋನು ಬಂದವು. ಎಲ್ಲೂ ಹೋಗಿಲ್ಲ, ಅಳತೆಗೋಲು ಬದಲಾಗಿದೆ. ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದಕ್ಕೆ ಹೋಲಿಸಿ ಕಳ್ಳತನವಾಯಿತು ಎನ್ನಬಾರದು.

ಹಿಡಿದು ಸಾಗಿಸುವ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಆ ಸಭೆಯವರಿಗೆ ಅದೇ ಮುಖ್ಯವಾಗಿತ್ತು. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲೇ ಆನೆ ಉಳಿಯಬೇಕಾದ, ಜನರ ಜೊತೆ ಬಾಳಬೇಕಾದ, ತೆರವಾಗಬೇಕಾದ ಪ್ರದೇಶಗಳೆಂದು ರಾಜ್ಯವನ್ನು ವಿಂಗಡಿಸಿತ್ತು. 2014ರ ಸುಮಾರಿಗೆ ಹಾಸನದ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಮತ್ತೆ ಆನೆ. ಹುಟ್ಟಿ ಬೆಳೆದವಲ್ಲ, ಅಷ್ಟು ಬೇಗ ಹುಟ್ಟಲು ಅವೇನು ಹಂದಿಯೇ? ಪಕ್ಕದಿಂದ ನಡೆದು ಬಂದವು. ಮೇವು, ನೀರು, ನೆರಳು ಇರುವ ಜಾಗ ಖಾಲಿಯಾದರೆ ಅದು ಅಲೆಮಾರಿ ಗಂಡಿಗೆ ಕೊಟ್ಟ ಕರೆಯೋಲೆ. ಮನುಷ್ಯರ ಮೇಲೆ ಎರಗುವ ನಿರ್ದಿಷ್ಟ ಸಲಗವನ್ನು ಹಿಡಿಯಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅದರಿಂದ ಒಂದು ಜೀವ ಉಳಿಯುತ್ತದೆ. ಆನೆಗಳ ಸಂಖ್ಯೆ ಇಳಿಯುತ್ತದೆ ಎಂದು ಮಾತ್ರ ಭರವಸೆ ಕೊಡಬಾರದು.

ಸಭೆ ಮುಗಿದ ಮೇಲೆ ಆ ಹಿರಿಯರು ಹತ್ತಿರ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹಿಂದಿನ ರಾತ್ರಿ ಅಂಗಳದ ಲೈಟಿಗೆ ತೆಗೆದದ್ದು. ದಂತ ಇನ್ನೂ ಸಣ್ಣ, ಎಡಗಿವಿಯ ಅಂಚು ಹರಿದಿತ್ತು, ಕೆನ್ನೆಯ ಮೇಲೆ ತೆಳುವಾಗಿ ಒಂದು ಒದ್ದೆ ಗೆರೆ. ಇಪ್ಪತ್ತು ಇಪ್ಪತ್ತೆರಡರ ಹುಡುಗ. ಹೋದ ವರ್ಷ ಅವರ ಊರಿನಿಂದ ಹಿಡಿದೊಯ್ದ ಸಲಗದ ಚಿತ್ರ ನನ್ನ ಬಳಿ ಇತ್ತು, ಪಕ್ಕಪಕ್ಕ ಹಿಡಿದು ನೋಡಿದೆವು.

"ಇವನು ಬೇರೆಯವನೇ," ಎಂದರು. "ಹೊಸಬ."