ಉಬ್ಬಸ ನಿಂತರೂ ಊತ ಇಳಿದಿರುವುದಿಲ್ಲ

ರಾತ್ರಿ ಮೂರು ಗಂಟೆಗೆ ಮಗು ಕೆಮ್ಮುತ್ತಾ ಎದ್ದು ಕೂರುತ್ತದೆ. ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗುತ್ತದೆ. ಅಂಗಿ ಎತ್ತಿ ನೋಡಿದರೆ ಒಂದೊಂದು ಉಸಿರಿಗೂ ಪಕ್ಕೆಲುಬಿನ ಸಂದಿ ಒಳಕ್ಕೆ ಹೋಗುತ್ತಿರುತ್ತದೆ, ಕಿವಿ ಇಟ್ಟರೆ ಸುಂಯ್ ಅನ್ನೋ ಸದ್ದು. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ‘ವೀಸಿಂಗ್ (ಉಬ್ಬಸ) ಇದೆ’ ಅಂತ ನೆಬ್ಯುಲೈಸರ್ ಹಾಕುತ್ತಾರೆ, ಮದ್ದನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ. ಮಧ್ಯಾಹ್ನದ ಹೊತ್ತಿಗೆ ಮಗು ಆಡುತ್ತಿರುತ್ತದೆ. ‘ಕಫ ಕಟ್ಟಿತ್ತು, ಹೋಯ್ತು’ ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮಕ್ಕನ ಮನೆಯಲ್ಲಿ ಹೀಗೇ ಮೂರು ವರ್ಷ ಕಳೆಯಿತು. ಆಸ್ತಮಾ ಅನ್ನೋ ಮಾತನ್ನು ಅಷ್ಟು ದಿನ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಕ್ಕನನ್ನು ದೂರಿ ಏನು ಪ್ರಯೋಜನ? ವೈದ್ಯರೇ ತಲೆಮಾರುಗಟ್ಟಲೆ ಇದೇ ತಪ್ಪು ಮಾಡಿದ್ದಾರೆ. ಉಬ್ಬಸ ಬಂದಾಗ ಓಡಾಡುವುದು, ನಿಂತ ಮೇಲೆ ಮರೆತುಬಿಡುವುದು. ಶ್ವಾಸನಾಳದ ಒಳಗಿನ ಊತ ಮಾತ್ರ ಹಾಗೇ ಉಳಿದಿರುತ್ತದೆ.

ರೋಗಿ ಹೇಗಿರುತ್ತಾನೆ ಅನ್ನೋದು ಮಾತ್ರ ಬಹಳ ಹಿಂದೆಯೇ ಗೊತ್ತಿತ್ತು. ಚರಕ ಸಂಹಿತೆಯಲ್ಲಿ ‘ತಮಕ ಶ್ವಾಸ’ದ ವರ್ಣನೆ ಇದೆ. ಮಲಗಿದರೆ ಕಷ್ಟ, ಎದ್ದು ಕೂತರೆ ಸ್ವಲ್ಪ ಹಾಯೆನಿಸುತ್ತದೆ, ಮೋಡ, ಮಳೆ, ಚಳಿಗೆ ಜಾಸ್ತಿಯಾಗುತ್ತದೆ ಅಂತ ಅಲ್ಲಿ ಬರೆದಿದ್ದಾರೆ. ಆ ಮಗು ದಿಂಬು ತಬ್ಬಿ ಕೂತಿತ್ತಲ್ಲ, ಅದೇ ಚಿತ್ರ.

ಮದ್ದಿನ ಕಥೆಯಲ್ಲಿ ನಮ್ಮ ದಕ್ಷಿಣದ ಪಾಲೂ ಇದೆ. ಇಲ್ಲಿ ಉಮ್ಮತ್ತಿಯ ಹೊಗೆ ಸೇದುತ್ತಿದ್ದರು. 1802ರ ಸುಮಾರಿಗೆ ಆ ಪದ್ಧತಿ ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು. ಆಮೇಲೆ ಯುರೋಪಿನ ಔಷಧಿ ಅಂಗಡಿಗಳಲ್ಲಿ ‘ಆಸ್ತಮಾ ಸಿಗರೇಟು’ ನೂರು ವರ್ಷಕ್ಕೂ ಹೆಚ್ಚು ಕಾಲ ಮಾರಾಟವಾಯಿತು. ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಬಿಗಿದುಕೊಂಡ ಶ್ವಾಸನಾಳವನ್ನು ಸಡಿಲ ಮಾಡುತ್ತದೆ, ನಿಜ. ಈಗ ನೆಬ್ಯುಲೈಸರಿಗೆ ಹಾಕುವ ಇಪ್ರಾಟ್ರೋಪಿಯಂ ಅದರದೇ ಸುಧಾರಿಸಿದ ರೂಪ. ಆದರೆ ಉಮ್ಮತ್ತಿ ವಿಷ. ಯಾರೂ ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಲಂಡನ್ನಿನ ಹೈಡ್ ಸಾಲ್ಟರ್ ಅನ್ನೋ ವೈದ್ಯರಿಗೆ ಸ್ವತಃ ಆಸ್ತಮಾ ಇತ್ತು. 1860ರಲ್ಲಿ ಅವರು ಗಟ್ಟಿ ಕಾಫಿ ಒಳ್ಳೆಯ ಉಪಾಯ ಅಂದರು. 20ನೇ ಶತಮಾನದ ಆರಂಭದಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಬಂತು. ಇವೆಲ್ಲ ಬಿಗಿತ ಬಿಡಿಸುವ ಮದ್ದುಗಳೇ.

ಶ್ವಾಸನಾಳದ ಒಳಪದರ ಊದಿಕೊಂಡಿರುತ್ತದೆ ಅಂತ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1892ರ ಪಠ್ಯಪುಸ್ತಕದಲ್ಲೇ ಬರೆದಿದ್ದರು. ಅದೇ ಪುಸ್ತಕದಲ್ಲಿ ಇದಕ್ಕೂ ನರದೌರ್ಬಲ್ಯಕ್ಕೂ ಗಂಟು ಹಾಕಿದ್ದರು. ಲೋಕ ಎರಡನೆಯ ಮಾತನ್ನು ಹಿಡಿದುಕೊಂಡಿತು. ‘ಮನಸ್ಸು ಗಟ್ಟಿ ಮಾಡ್ಕೋ, ಸರಿಹೋಗುತ್ತೆ’ ಅಂತ ಉಸಿರಿಗೆ ಒದ್ದಾಡುವವರಿಗೆ ಈಗಲೂ ಹೇಳುವವರಿದ್ದಾರೆ. ಕೇಳಿದರೆ ಹೊಟ್ಟೆ ಉರಿಯುತ್ತದೆ.

ಮದ್ದನ್ನು ಬಾಯೊಳಕ್ಕೆ ಚಿಮ್ಮಿಸುವ, ಕೈಯಲ್ಲಿ ಹಿಡಿಯುವ ಪಂಪು (ಇನ್‌ಹೇಲರ್) ಬಂದಿದ್ದು 1956ರಲ್ಲಿ, ಅಮೆರಿಕದಲ್ಲಿ. ಔಷಧಿ ಕಂಪನಿಯ ಮುಖ್ಯಸ್ಥರೊಬ್ಬರ 13 ವರ್ಷದ ಮಗಳಿಗೆ ಆಸ್ತಮಾ. ಕೂದಲಿಗೆ ಹೊಡೆಯೋ ಸ್ಪ್ರೇ ಥರ ನನ್ನ ಮದ್ದನ್ನೂ ಯಾಕೆ ಮಾಡಬಾರದು ಅಂತ ಕೇಳಿದ್ದಳಂತೆ. ಅಲ್ಲಿಂದ ಶುರುವಾಯಿತು. ಆದರೆ 1960ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಸ್ತಮಾ ಸಾವುಗಳು ಒಮ್ಮೆಲೇ ಏರಿದವು. ಬಿಗಿತ ಬಿಡಿಸುವ ಐಸೋಪ್ರಿನಲಿನ್ ಅನ್ನೋ ಮದ್ದಿನ ಜಾಸ್ತಿ ಪವರಿನ ಪಂಪುಗಳ ಮೇಲೆ ಅನುಮಾನ ಬಂತು. ಮದ್ದೇ ಹೃದಯಕ್ಕೆ ಹೊಡೆಯಿತೋ, ಪಂಪು ಒತ್ತಿ ಒತ್ತಿ ಆಸ್ಪತ್ರೆಗೆ ಹೋಗುವುದು ತಡವಾಯಿತೋ ಅಂತ ವರ್ಷಗಟ್ಟಲೆ ವಾದ ನಡೆಯಿತು. 1969ರಲ್ಲಿ ಅದಕ್ಕಿಂತ ಸುರಕ್ಷಿತವಾದ ಸಾಲ್ಬುಟಮಾಲ್ ಮಾರುಕಟ್ಟೆಗೆ ಬಂತು, ಅದೂ ಬಿಗಿತ ಬಿಡಿಸುವ ಮದ್ದೇ. 1972ರಲ್ಲಿ ಬೆಕ್ಲೊಮೆಥಾಸೋನ್ ಬಂತು, ಉಸಿರಲ್ಲಿ ಎಳೆದುಕೊಳ್ಳುವ ಸ್ಟಿರಾಯ್ಡ್. ಆಸ್ಲರ್ ಬರೆದ ಆ ಊತಕ್ಕೆ ದಿನಾ ಎಳೆದುಕೊಳ್ಳುವಂಥ ಮದ್ದು ಕೈಗೆ ಬರಲು ಎಂಬತ್ತು ವರ್ಷ ಬೇಕಾಯಿತು!

ಅಷ್ಟಾದರೂ ಜನ ಸಾಲ್ಬುಟಮಾಲನ್ನೇ ನಂಬಿದರು, ಯಾಕೆಂದರೆ ಅದು ಐದೇ ನಿಮಿಷಕ್ಕೆ ಹಾಯೆನಿಸುತ್ತದೆ. ಸ್ಟಿರಾಯ್ಡ್ ನಿಧಾನ, ಫಲ ಕಾಣಲು ದಿನಗಳು, ವಾರಗಳು ಬೇಕು. ಕೊನೆಗೆ 2019ರಲ್ಲಿ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ‘ಗೀನಾ’ ಸಂಸ್ಥೆ ಖಡಾಖಂಡಿತ ಹೇಳಿತು: 12 ವರ್ಷ ದಾಟಿದ ಯಾರಿಗೂ ಬರೀ ಸಾಲ್ಬುಟಮಾಲ್ ಕೊಟ್ಟು ಕಳಿಸಬೇಡಿ, ಜೊತೆಗೆ ಊತ ಇಳಿಸುವ ಸ್ಟಿರಾಯ್ಡ್ ಇರಲೇಬೇಕು.

ನಮ್ಮಲ್ಲಿ? ಬೆಂಗಳೂರಿನ ಮಕ್ಕಳ ವೈದ್ಯ ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಆಸ್ತಮಾ ಇತ್ತು, 1999ರ ಹೊತ್ತಿಗೆ 29.5. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಅಂದರೆ ಸುಮ್ನೆ ಬಿಡೋ ಮಾತಲ್ಲ.

‘ಪಂಪು ಶುರು ಮಾಡಿದರೆ ಅಭ್ಯಾಸ ಆಗುತ್ತೆ, ಮಾತ್ರೆ ಬರೆದುಕೊಡಿ’ ಅನ್ನೋರು ಬಹಳ. ಸಾಲ್ಬುಟಮಾಲಿನ ಒಂದು ಪಫ್‌ನಲ್ಲಿ, ಅಂದರೆ ಪಂಪನ್ನು ಒಂದು ಸಲ ಒತ್ತಿದಾಗ, ಇರೋದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆ ಅಂದರೆ 4000 ಮೈಕ್ರೋಗ್ರಾಂ, ಅಂದರೆ ನಲವತ್ತು ಪಫ್. ಅದು ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಕೈ ನಡುಗದೆ ಇರುತ್ತದಾ? ಎಳೆದುಕೊಳ್ಳುವ ಸ್ಟಿರಾಯ್ಡಿಂದ ಮಕ್ಕಳ ಎತ್ತರದಲ್ಲಿ ಒಂದು ಸೆಂಟಿಮೀಟರ್ ಆಸುಪಾಸು ವ್ಯತ್ಯಾಸ ಆಗಬಹುದು, ಮುಚ್ಚಿಡುವುದು ಬೇಡ. ಆದರೆ ಹತೋಟಿ ಇಲ್ಲದ ಆಸ್ತಮಾ ಮಗುವಿನ ನಿದ್ದೆ, ಶಾಲೆ, ಆಟ ಮೂರನ್ನೂ ಕಿತ್ತುಕೊಳ್ಳುತ್ತದೆ.

ಹಾಗಾದರೆ ಅನುಮಾನ ಯಾವಾಗ ಬರಬೇಕು? ನೆಗಡಿ ಬಂದಾಗಲೆಲ್ಲ ಎದೆಗಿಳಿದು ಹತ್ತು ದಿನ ದಾಟಿದರೆ, ನಗುವಾಗ, ಓಡುವಾಗ, ನಸುಕಿನಲ್ಲಿ ಕೆಮ್ಮು ಬಂದರೆ, ಅಪ್ಪ ಅಮ್ಮನಿಗೆ ಅಲರ್ಜಿ ಇದ್ದರೆ. ಐದರೊಳಗಿನ ಮಕ್ಕಳಿಗೆ ಊದಿಸುವ ಪರೀಕ್ಷೆ ಕಷ್ಟ, ಹಾಗಾಗಿ ನೀವು ಹೇಳುವ ವಿವರವೇ ಮುಖ್ಯ. ಉಬ್ಬಸದ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ದೊಡ್ಡವರಾದರೆ ಆ ಊದಿಸುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಮಾಡಿಸಲೇಬೇಕು, ಯಾಕೆಂದರೆ ಬೀಡಿ ಸೇದಿದವರ, ಸೌದೆ ಒಲೆ ಮುಂದೆ ಬದುಕು ಕಳೆದವರ ದಮ್ಮು ಬೇರೆ ರೋಗವೂ ಆಗಿರಬಹುದು, ಹೃದಯದ್ದೂ ಇರಬಹುದು. ಕೆಲಸ ಏನು ಅನ್ನೋದನ್ನೂ ಹೇಳಿ. ಹಿಟ್ಟಿನ ಧೂಳು, ಹಸಿ ಕಾಫಿ ಬೀಜದ ಧೂಳು ಕೂಡ ಆಸ್ತಮಾ ತರಿಸುತ್ತವೆ. ರಜೆಯಲ್ಲಿ ಉಸಿರು ಸಲೀಸಾಗಿದ್ದು ಕೆಲಸಕ್ಕೆ ಹೋದ ದಿನ ಕಟ್ಟಿಕೊಂಡರೆ ಅದು ದೊಡ್ಡ ಸುಳಿವು.

ಪಂಪನ್ನು ನೇರ ಬಾಯಿಗಿಟ್ಟರೆ ಬಹಳಷ್ಟು ಮದ್ದು ಗಂಟಲಿಗೇ ಬಡಿದು ನಿಲ್ಲುತ್ತದೆ, ಹಾಗಾಗಿ ಸ್ಪೇಸರ್ ಬೇಕು, ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಇಲ್ಲದ ಕಡೆ ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ತೂತು ಮಾಡಿ ಬಿಗಿಯಾಗಿ ಕೂರಿಸಿದರೂ ಆಗುತ್ತದೆ. ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿ, ಅಂಗಡಿ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತೋರಿಸಿದ್ದಾರೆ. ಸ್ಟಿರಾಯ್ಡ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಪಂಪಿಗೂ ಬಗ್ಗದ ಉಬ್ಬಸ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೂ ಮಗುವನ್ನು ಮಲಗಿಸಬೇಡಿ, ಕೂರಿಸಿ, ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಪಫ್ ಕೊಡುತ್ತಿರಿ.